ಜಗಳದ ಇಂಗ್ಲಿಷ್: ಯಾವ ಪದದ ಪಕ್ಕ ಯಾವ ಪದ

‘ವಾರ್ ಬ್ರೋಕ್ ಔಟ್ ಇನ್ 1939.’ ಎರಡನೇ ಮಹಾಯುದ್ಧದ ಬಗ್ಗೆ ಇಂಗ್ಲಿಷಿನಲ್ಲಿ ಏನೇ ಓದಲು ಹೋದರೂ ಈ ವಾಕ್ಯ ಎಲ್ಲೋ ಒಂದು ಕಡೆ ಸಿಗುತ್ತದೆ. ವ್ಯಾಕರಣ ಸರಿ ಇದೆ. ಇಸವಿಯೂ ಸರಿ. ಆದರೆ ಒಂದು ನಿಮಿಷ ನಿಂತು ನೋಡಿ. ಯುದ್ಧ ತನ್ನಷ್ಟಕ್ಕೆ ತಾನೇ ಎದ್ದು ಬಂದ ಹಾಗಿದೆ, ಅಲ್ವಾ? ಆ ವರ್ಷ ಸೆಪ್ಟೆಂಬರ್ 1ರಂದು ಜರ್ಮನಿಯ ಸೇನೆ ಪೋಲೆಂಡಿನ ಗಡಿ ದಾಟಿತು. ಅದನ್ನೇ ‘ಜರ್ಮನಿ ಇನ್ವೇಡೆಡ್ ಪೋಲೆಂಡ್’ ಎಂದು ಬರೆದರೆ ನುಗ್ಗಿದವರು ಯಾರು, ನುಗ್ಗಿದ್ದು ಯಾರ ನೆಲಕ್ಕೆ ಅನ್ನುವುದು ಕಣ್ಣೆದುರಿಗೇ ಇರುತ್ತದೆ. ಎರಡು ದಿನ ಕಳೆದು, ಸೆಪ್ಟೆಂಬರ್ 3ರಂದು, ‘ಬ್ರಿಟನ್ ಡಿಕ್ಲೇರ್ಡ್ ವಾರ್ ಆನ್ ಜರ್ಮನಿ’. ಹಿಂದುಮುಂದು ಗೊತ್ತಿಲ್ಲದವರು ಈ ಮೂರನೇ ವಾಕ್ಯವೊಂದನ್ನೇ ಓದಿದರೆ ಯುದ್ಧ ಶುರು ಮಾಡಿದ್ದು ಬ್ರಿಟನ್ ಅಂದುಕೊಳ್ಳಬಹುದು. ಏಕೆಂದರೆ ಸಾರಿದವರು ಅವರೇ. ಪೋಲೆಂಡಿಗೆ ನುಗ್ಗಿದ ಜರ್ಮನಿ ಆ ದೇಶದ ಮೇಲೆ ಯುದ್ಧ ಸಾರಿಯೇ ಇರಲಿಲ್ಲ.

ಮೂರೂ ಒಂದೇ ವಾರದ ಸಂಗತಿ. ಮೂರರಲ್ಲೂ ತಪ್ಪು ಮಾಹಿತಿ ಇಲ್ಲ. ಆದರೂ ‘ವಾರ್’ ಪಕ್ಕದಲ್ಲಿ ಯಾವ ಕ್ರಿಯಾಪದ ಬಂದು ಕೂತಿತು ಅನ್ನುವುದರ ಮೇಲೆ ಓದುವವರ ಬೆರಳು ಬೇರೆ ಬೇರೆ ಕಡೆ ತಿರುಗುತ್ತದೆ. ಜಗಳ, ಕಾದಾಟ, ಹೋರಾಟಗಳ ಬಗ್ಗೆ ಮಾತಾಡುವ ಇಂಗ್ಲಿಷ್ ಪದಜೋಡಿಗಳಲ್ಲಿ ಎಷ್ಟೋ ಸಲ ಒಂದು ತೀರ್ಪು ಮೊದಲೇ ಸೇರಿಕೊಂಡಿರುತ್ತದೆ: ಯಾರು ಕೆಣಕಿದರು, ಯಾರು ತಡೆದುಕೊಂಡರು, ಯಾರ ಮೇಲೆ ನಮಗೆ ಕನಿಕರ ಇರಬೇಕು. ಇಂಗ್ಲಿಷ್ ಕಲಿಯುವ ಹುಡುಗ ಹುಡುಗಿಯರಿಗೆ ನಾವು ಈ ಜೋಡಿಗಳನ್ನು ಪಟ್ಟಿ ಮಾಡಿ ಕೊಡುತ್ತೇವೆ, ಅವರು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ಒಳಗಿರುವ ತೀರ್ಪಿನ ಬಗ್ಗೆ ಮಾತ್ರ ಯಾರೂ ಹೇಳುವುದಿಲ್ಲ. ಅದು ನನಗೆ ಬಹಳ ದಿನಗಳಿಂದ ಕೊರೆಯುತ್ತಿರುವ ವಿಷಯ.

ಹೀಗೆ ಜೊತೆ ಬಿಡದೆ ಓಡಾಡುವ ಪದಗಳಿಗೆ ಭಾಷೆ ಕಲಿಸುವವರು ‘ಕಾಲೊಕೇಶನ್’ ಎನ್ನುತ್ತಾರೆ. ಟೋಕಿಯೋದಲ್ಲಿ ಕೂತು ಜಪಾನೀಯರಿಗೆ ಇಂಗ್ಲಿಷ್ ಕಲಿಸುವ ದಾರಿ ಹುಡುಕುತ್ತಿದ್ದ ಹೆರಾಲ್ಡ್ ಪಾಮರ್ 1933ರಲ್ಲೇ ಇವುಗಳ ಮೇಲೆ ಒಂದು ವರದಿ ತಂದಿದ್ದರು. ಇವನ್ನು ಬಿಡಿಸಿ ಕಲಿಯಬಾರದು, ಇಡಿಯಾಗಿಯೇ ಕಲಿಯಬೇಕು ಅನ್ನುವುದು ಅವರ ನಿಲುವು. ಮುಂದೆ 1957ರಲ್ಲಿ ಬ್ರಿಟನ್ನಿನ ಭಾಷಾವಿಜ್ಞಾನಿ ಜೆ. ಆರ್. ಫರ್ತ್ ಅದನ್ನು ಇನ್ನೂ ಚೆನ್ನಾಗಿ ಹೇಳಿದರು: ಒಂದು ಪದ ಯಾರ ಸಹವಾಸದಲ್ಲಿದೆ ಅನ್ನುವುದನ್ನು ನೋಡಿದರೆ ಆ ಪದ ಎಂಥದ್ದು ಅಂತ ತಿಳಿಯುತ್ತದೆ. ಮನುಷ್ಯರ ಬಗ್ಗೆ ನಾವು ಹೇಳುವ ಮಾತೇ ಇದು.

‘ಬ್ರೇಕ್ ಔಟ್’ನ ಸಹವಾಸ ನೋಡಿ. ಯುದ್ಧ ‘ಬ್ರೇಕ್ಸ್ ಔಟ್’, ಬೆಂಕಿ ‘ಬ್ರೇಕ್ಸ್ ಔಟ್’, ಕಾಲರಾ ‘ಬ್ರೇಕ್ಸ್ ಔಟ್’, ಗಲಭೆಯೂ ಅಷ್ಟೇ. ಭಯಕ್ಕೆ ಬೆವರು ಕಿತ್ತುಕೊಂಡರೂ ಇದೇ ಮಾತು. ಒಮ್ಮೊಮ್ಮೆ ಚಪ್ಪಾಳೆಗೂ ಬಳಸುತ್ತಾರೆ, ಇಲ್ಲವೆಂದಲ್ಲ. ಆದರೆ ಜಾಸ್ತಿ ಬರುವುದು ಬೇಡದ ಸಂಗತಿಗಳ ಜೊತೆ, ಅದರಲ್ಲೂ ಯಾರ ಕೈಯಲ್ಲೂ ಇಲ್ಲದ ಸಂಗತಿಗಳ ಜೊತೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಸಿಂಕ್ಲೇರ್ 1980ರ ದಶಕದಲ್ಲಿ ಕಂಪ್ಯೂಟರಿಗೆ ಲಕ್ಷಗಟ್ಟಲೆ ವಾಕ್ಯಗಳನ್ನು ಹಾಕಿ ಪದಗಳ ನಡವಳಿಕೆ ನೋಡಿದವರು. 1987ರಲ್ಲಿ ಬಂದ ಕೋಬಿಲ್ಡ್ ನಿಘಂಟು ಆ ಕೆಲಸದ ಫಲ. ‘ಸೆಟ್ ಇನ್’ (ಬಂದು ನೆಲೆಯೂರು) ಅನ್ನುವ ಸಾಧಾರಣ ಕ್ರಿಯಾಪದದ ಜೊತೆ ಬರುವುದು ಹೆಚ್ಚಾಗಿ ಕೊಳೆತ, ನಿರಾಶೆ, ಸೋಂಕು ಇಂಥವೇ ಅನ್ನುವುದನ್ನು ಅವರು ಗಮನಿಸಿದರು. ನಿಘಂಟಿನ ಅರ್ಥದಲ್ಲಿ ಕೆಟ್ಟದ್ದೇನೂ ಇಲ್ಲ, ಸಹವಾಸದಿಂದ ಬಣ್ಣ ಹತ್ತಿದೆ. ‘ಬ್ರೇಕ್ ಔಟ್’ ಕೂಡ ಹಾಗೆಯೇ. ಯುದ್ಧವನ್ನು ಅದು ರೋಗದ, ಬೆಂಕಿಯ ಸಾಲಿನಲ್ಲಿ ಕೂರಿಸುತ್ತದೆ. ರೋಗಕ್ಕೆ ಆರೋಪಿ ಇರುವುದಿಲ್ಲ. ‘ವಯೊಲೆನ್ಸ್ ಇರಪ್ಟೆಡ್’ ಅನ್ನುವುದು ಜ್ವಾಲಾಮುಖಿಯ ಮಾತು, ‘ಟೆನ್ಶನ್ಸ್ ಫ್ಲೇರ್ಡ್ ಅಪ್’ ಅನ್ನುವುದು ಉರಿಯ ಮಾತು. ಕನ್ನಡದ ಸುದ್ದಿಯಲ್ಲೂ ಹಿಂಸೆ ‘ಭುಗಿಲೇಳುತ್ತದೆ’. ನಾವೇನೂ ಬೇರೆಯಲ್ಲ.

ಇದರ ಎದುರು ದಡದಲ್ಲಿ ‘ಲಾಂಚ್ ಎನ್ ಅಟ್ಯಾಕ್’, ‘ಮೌಂಟ್ ಎನ್ ಅಫೆನ್ಸಿವ್’, ‘ಪ್ರೊವೋಕ್ ಎ ಕಾನ್‌ಫ್ಲಿಕ್ಟ್’, ‘ವೇಜ್ ವಾರ್’ ಇವೆ. ಇವುಗಳಿಗೆ ಕರ್ತೃ ಬೇಕೇ ಬೇಕು. ಯಾರೋ ಮಾಡಿದ್ದಾರೆ, ಬೇಕೆಂದೇ ಮಾಡಿದ್ದಾರೆ. ‘ವೇಜ್’ ನನಗೆ ಇಷ್ಟವಾದ ಪದ. ಕ್ರಿಯಾಪದವಾಗಿ ಅದು ವಾರ್, ಬ್ಯಾಟಲ್, ಕ್ಯಾಂಪೇನ್ ಇಂಥ ನಾಲ್ಕಾರು ಪದಗಳನ್ನು ಬಿಟ್ಟು ಬೇರೆಲ್ಲೂ ಹೋಗುವುದಿಲ್ಲ. ಮೂಲ ಫ್ರೆಂಚಿನಲ್ಲಿ ಅದಕ್ಕೆ ಒತ್ತೆ ಇಡುವುದು, ಪಣ ಕಟ್ಟುವುದು ಎಂಬ ಅರ್ಥ ಇತ್ತು. ಪಂದ್ಯ ಕಟ್ಟುವ ‘ವೇಜರ್’, ಸಂಬಳದ ‘ವೇಜಸ್’ ಎಲ್ಲ ಅದೇ ಬಳ್ಳಿಯ ಕಾಯಿಗಳು. ಕಾದಾಡುತ್ತೇನೆ ಎಂದು ಮಾತು ಒತ್ತೆ ಇಟ್ಟವನು ‘ವೇಜ್’ ಮಾಡುತ್ತಾನೆ. ಹಾಗಾಗಿ ಈ ಜೋಡಿಯಲ್ಲಿ ಇಂದಿಗೂ ಒಂದು ಹಟ, ಒಂದು ದೀರ್ಘಕಾಲದ ತಯಾರಿ ಕೇಳಿಸುತ್ತದೆ. ಬೀದಿಯಲ್ಲಿ ಐದು ನಿಮಿಷ ಹೊಡೆದಾಡಿದವರ ಬಗ್ಗೆ ‘ವೇಜ್ಡ್ ವಾರ್’ ಅನ್ನಲು ಆಗುವುದಿಲ್ಲ.

ಸಣ್ಣ ಜಗಳಗಳಿಗೆ ಬಂದರೆ ತೀರ್ಪು ಇನ್ನೂ ಎದ್ದು ಕಾಣುತ್ತದೆ. ‘ಫೈಟ್’ ಅನ್ನುವ ಒಂದೇ ನಾಮಪದ ತೆಗೆದುಕೊಳ್ಳಿ. ‘ಹಿ ಪಿಕ್ಡ್ ಎ ಫೈಟ್’ ಅಂದರೆ ಕಾಲು ಕೆರೆದುಕೊಂಡು ಜಗಳಕ್ಕೆ ಹೋದ. ತಪ್ಪು ಪೂರ್ತಿ ಅವನದೇ. ‘ಹಿ ಪುಟ್ ಅಪ್ ಎ ಫೈಟ್’ ಅಂದರೆ ಸುಮ್ನೆ ಬಗ್ಗಲಿಲ್ಲ, ಎದುರು ನಿಂತ. ಇಲ್ಲಿ ಮೆಚ್ಚುಗೆ ಇದೆ. ಜೊತೆಗೆ ಇನ್ನೊಂದು ಸೂಚನೆಯೂ ಇದೆ: ಸಾಮಾನ್ಯವಾಗಿ ‘ಪುಟ್ ಅಪ್’ ಮಾಡುವವನು ಇಬ್ಬರಲ್ಲಿ ಕಡಿಮೆ ಬಲದವನು, ಕೊನೆಗೆ ಸೋತವನೂ ಆಗಿರಬಹುದು. ಬಲಾಢ್ಯ ಸೇನೆ ಪುಟ್ಟ ಪಟ್ಟಣಕ್ಕೆ ನುಗ್ಗಿದರೆ ‘ಪುಟ್ ಅಪ್ ಎ ಫೈಟ್’ ಪಟ್ಟಣದವರ ಪಾಲಿನ ಮಾತು, ಸೇನೆಯದಲ್ಲ. ಅದೇ ಸೇನೆಯ ಕಡೆಯಿಂದ ಬರೆದರೆ ‘ಮೆಟ್ ಸ್ಟಿಫ್ ರೆಸಿಸ್ಟೆನ್ಸ್’ ಆಗುತ್ತದೆ. ಪಟ್ಟಣದವರು ಅಲ್ಲಿ ದಾರಿಗೆ ಅಡ್ಡ ಬಂದ ಗಟ್ಟಿ ವಸ್ತುವಿನಂತೆ ಕಾಣುತ್ತಾರೆ. ವರದಿ ಬರೆದವರು ಯಾವ ಕಡೆ ನಿಂತು ನೋಡುತ್ತಿದ್ದರು ಅನ್ನುವುದನ್ನು ಇಂಥ ಒಂದು ಜೋಡಿಯಿಂದಲೇ ಹೇಳಬಹುದು.

‘ಕ್ಲಾಶ್’ ಬಗ್ಗೆ ನನಗೆ ಸ್ವಲ್ಪ ಗುಮಾನಿ. ‘ಪ್ರೊಟೆಸ್ಟರ್ಸ್ ಕ್ಲಾಶ್ಡ್ ವಿತ್ ಪೊಲೀಸ್’ ಅಂದಾಗ ಇಬ್ಬರೂ ಸರಿಸಮ ಅನ್ನಿಸುತ್ತದೆ, ಎರಡು ಲೋಹದ ತಟ್ಟೆಗಳು ಬಡಿದುಕೊಂಡ ಹಾಗೆ. ಕೆಲವೊಮ್ಮೆ ನಡೆದಿರುವುದೂ ಹಾಗೇ. ಆದರೆ ಒಂದು ಕಡೆಯವರ ಕೈಯಲ್ಲಿ ಬಂದೂಕು, ಇನ್ನೊಂದು ಕಡೆಯವರ ಕೈಯಲ್ಲಿ ಭಿತ್ತಿಪತ್ರ ಇದ್ದಾಗಲೂ ಇದೇ ಪದ ಬರುತ್ತದೆ. ಇದನ್ನು ಓದುವಾಗಲೆಲ್ಲ ಮುಂದಿನ ವಾಕ್ಯದಲ್ಲಿ ಗಾಯಗೊಂಡವರು ಯಾರು ಅಂತ ಹುಡುಕುವುದು ನನ್ನ ಅಭ್ಯಾಸ.

ಕನ್ನಡದಲ್ಲಿ ಯೋಚಿಸುವವರಿಗೆ ಇಂಗ್ಲಿಷ್ ಜಗಳದ ಮೊದಲ ತೊಡಕು ‘ಮಾಡು’. ನಾವು ಜಗಳ ಮಾಡುತ್ತೇವೆ, ವಾದ ಮಾಡುತ್ತೇವೆ, ಹೋರಾಟ ಮಾಡುತ್ತೇವೆ. ಹಾಗಾಗಿ ‘ಮೇಕ್ ಎ ಫೈಟ್’, ‘ಡೂ ಎನ್ ಆರ್ಗ್ಯುಮೆಂಟ್’ ಅಂತ ಬಾಯಿಗೆ ಬರುತ್ತದೆ. ಇಂಗ್ಲಿಷಿನವರು ಜಗಳವನ್ನು ‘ಹ್ಯಾವ್’ ಮಾಡುತ್ತಾರೆ: ‘ದೇ ಹ್ಯಾಡ್ ಎ ಫೈಟ್’, ‘ವಿ ಹ್ಯಾಡ್ ಎನ್ ಆರ್ಗ್ಯುಮೆಂಟ್’. ಇಲ್ಲಿ ಜಗಳ ಇಬ್ಬರ ಆಸ್ತಿ, ತಪ್ಪು ಯಾರದೆಂದು ಹೇಳುವ ಆತುರ ಇಲ್ಲ. ಮಾತಿಗೆ ಮಾತು ಬೆಳೆದದ್ದು ‘ಹೀಟೆಡ್ ಆರ್ಗ್ಯುಮೆಂಟ್’. ಕೈ ಕೈ ಮಿಲಾಯಿಸಿದರೆ ‘ದೇ ಕೇಮ್ ಟು ಬ್ಲೋಸ್’. ಆಮೇಲೆ ಮಾತು ಬಿಟ್ಟರೆ ‘ದೇ ಫೆಲ್ ಔಟ್’. ಮತ್ತೆ ಒಂದಾದರೆ ‘ದೇ ಮೇಡ್ ಅಪ್’. ಒಂದು ಜಗಳದ ಇಡೀ ಆಯುಸ್ಸು ಈ ನಾಲ್ಕು ಜೋಡಿಗಳಲ್ಲಿ ಮುಗಿಯುತ್ತದೆ. ಇವನ್ನು ಬಿಡಿ ಬಿಡಿಯಾಗಿ ಕಲಿಯುವುದಕ್ಕಿಂತ ಹೀಗೆ ಒಂದೇ ಕತೆಯ ಸಾಲಿನಲ್ಲಿ ಕಲಿತರೆ ಮರೆಯುವುದಿಲ್ಲ.

ಗುಣವಾಚಕಗಳಿಗೂ ತಮ್ಮದೇ ಆಯ್ಕೆ ಇದೆ. ವಿವಾದ ‘ಬಿಟರ್’, ಪೈಪೋಟಿ ‘ಫಿಯರ್ಸ್’, ಗುಂಡಿನ ಕಾಳಗ ನಡೆಯುತ್ತಿದ್ದರೆ ‘ಹೆವಿ ಫೈಟಿಂಗ್’, ಜೋರು ಮಳೆಗೆ ಅಂಟುವ ಪದವೇ ಇಲ್ಲಿಯೂ. ವೈರಿ ‘ಸ್ವೋರ್ನ್ ಎನಿಮಿ’, ಆಣೆ ಇಟ್ಟ ವೈರಿ. ನಮ್ಮ ‘ಬದ್ಧ ವೈರಿ’ಗೆ ಎಷ್ಟು ಹತ್ತಿರ ನೋಡಿ! ಇವಕ್ಕೆ ಕಾರಣ ಹುಡುಕಿ ಹೊರಟರೆ ಸಿಗುವುದು ಕಡಿಮೆ. ಕಿವಿಗೆ ಬೀಳುವಷ್ಟು ಓದಬೇಕು, ಅಷ್ಟೇ.

ಒಂದು ಸಣ್ಣ ಪದ ಮಾತ್ರ ಬಿಟ್ಟು ಹೋಗಲು ಮನಸ್ಸಿಲ್ಲ. ‘ಫೈಟ್ ವಿತ್’. ‘ಹಿ ಫಾಟ್ ವಿತ್ ದ ಫ್ರೆಂಚ್’ ಅಂದರೆ ಫ್ರೆಂಚರ ವಿರುದ್ಧ ಕಾದಾಡಿದನೋ, ಅವರ ಜೊತೆ ಸೇರಿ ಇನ್ಯಾರದೋ ವಿರುದ್ಧ ಕಾದಾಡಿದನೋ? ಎರಡೂ ಆಗಬಹುದು. ಬ್ರಿಟನ್ನಿನವರು 1815ರಲ್ಲಿ ವಾಟರ್‌ಲೂನಲ್ಲಿ ಫ್ರೆಂಚರ ವಿರುದ್ಧ ನಿಂತರು, 1914ರಲ್ಲಿ ಫ್ರೆಂಚರ ಪಕ್ಕ ನಿಂತರು. ‘ವಿತ್’ ಒಂದೇ ಎರಡಕ್ಕೂ ಸಾಕು. ಸಂದೇಹ ಬೇಡವೆನ್ನುವವರು ‘ಅಗೇನ್ಸ್ಟ್’ ಅಥವಾ ‘ಅಲಾಂಗ್‌ಸೈಡ್’ ಬಳಸುತ್ತಾರೆ. ಕನ್ನಡದ ‘ಜೊತೆ’ಯೂ ಇದೇ ಕಿತಾಪತಿ ಮಾಡುತ್ತದೆ.

ಈಗ ‘ಸ್ಟ್ರಗಲ್’. ಈ ಬರಹ ಬರೆಯಲು ಕೂತದ್ದೇ ಇದಕ್ಕಾಗಿ ಅಂದರೂ ಸರಿ.

ಈ ಪದ ತನ್ನ ಮುಂದೆ ಬರುವ ಪುಟ್ಟ ಪದಕ್ಕೆ ತಕ್ಕಂತೆ ಮನುಷ್ಯನನ್ನು ಎತ್ತುತ್ತದೆ ಅಥವಾ ಇಳಿಸುತ್ತದೆ. ‘ಸ್ಟ್ರಗಲ್ ಫಾರ್ ಫ್ರೀಡಮ್’ ಅಂದರೆ ತಲೆ ಎತ್ತಿದ ಹೋರಾಟ. ಅಮೆರಿಕದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಅದರ ವಿರುದ್ಧ ಮಾತಾಡುತ್ತಲೇ ಬದುಕಿದ ಫ್ರೆಡರಿಕ್ ಡಗ್ಲಸ್ 1857ರ ಭಾಷಣದಲ್ಲಿ ಸ್ಟ್ರಗಲ್ ಇಲ್ಲದಿದ್ದರೆ ಪ್ರಗತಿಯೂ ಇಲ್ಲ ಅಂದರು. 1961ರಲ್ಲಿ ಭೂಗತರಾಗಿದ್ದ ನೆಲ್ಸನ್ ಮಂಡೇಲಾ ಹೊರಡಿಸಿದ ಹೇಳಿಕೆಯಲ್ಲಿ ‘ದ ಸ್ಟ್ರಗಲ್ ಈಸ್ ಮೈ ಲೈಫ್’ ಎಂಬ ಮಾತಿದೆ. ದಕ್ಷಿಣ ಆಫ್ರಿಕಾದಲ್ಲಿ ಈಗಲೂ ‘ದ ಸ್ಟ್ರಗಲ್’ ಅಂದರೆ ಸಾಕು, ವರ್ಣಭೇದದ ವಿರುದ್ಧ ನಡೆದ ಹೋರಾಟ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿ ಶುರುವಾದದ್ದು ‘ಆರ್ಮ್‌ಡ್ ಸ್ಟ್ರಗಲ್’. ಈ ಜೋಡಿಯನ್ನು ಬಳಸುವವರು ಹೋರಾಡುವವರ ಕಡೆಯವರು. ಎದುರು ಕಡೆಯ ಸರ್ಕಾರ ಅದನ್ನೇ ‘ಟೆರರಿಸಂ’ ಅಂದಿತು.

‘ಫಾರ್’ ತೆಗೆದು ‘ಟು’ ಹಾಕಿ. ‘ಹಿ ಸ್ಟ್ರಗಲ್ಡ್ ಟು ಬ್ರೀದ್’, ‘ಶಿ ಸ್ಟ್ರಗಲ್ಸ್ ಟು ಮೇಕ್ ಎಂಡ್ಸ್ ಮೀಟ್’. ಧ್ವಜ ಇಲ್ಲ, ಘೋಷಣೆ ಇಲ್ಲ. ಆಗಬೇಕಾದ್ದು ಆಗುತ್ತಿಲ್ಲ, ಅಷ್ಟೇ. ‘ವಿತ್’ ಹಾಕಿದರೆ ಒಳಗಿನ ಕಷ್ಟ: ‘ಸ್ಟ್ರಗಲಿಂಗ್ ವಿತ್ ಮ್ಯಾಥ್ಸ್’, ‘ಸ್ಟ್ರಗಲಿಂಗ್ ವಿತ್ ಅಡಿಕ್ಷನ್’. ಇನ್ನು ‘ಸ್ಟ್ರಗಲಿಂಗ್’ ಅನ್ನುವುದು ಗುಣವಾಚಕವಾಗಿ ಮುಂದೆ ನಿಂತರೆ, ‘ಸ್ಟ್ರಗಲಿಂಗ್ ಆ್ಯಕ್ಟರ್’, ‘ಸ್ಟ್ರಗಲಿಂಗ್ ಬಿಸಿನೆಸ್’, ಇನ್ನೂ ಕೈಗೂಡಿಲ್ಲ ಅನ್ನುವ ಮೊಹರು ಹಣೆಗೆ ಬಿದ್ದ ಹಾಗೆ.

ಕನ್ನಡ ಇಲ್ಲಿ ಇಂಗ್ಲಿಷಿಗಿಂತ ಶ್ರೀಮಂತ ಅಂತ ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ನಮ್ಮಲ್ಲಿ ಹೋರಾಟ ಬೇರೆ, ಪರದಾಟ ಬೇರೆ, ಒದ್ದಾಟ ಬೇರೆ, ಹೆಣಗಾಟ ಬೇರೆ, ತಿಣುಕಾಟವಂತೂ ಬೇರೆಯೇ. ಉಸಿರಿಗಾಗಿ ಒದ್ದಾಡುತ್ತೇವೆ, ಹಣಕ್ಕಾಗಿ ಪರದಾಡುತ್ತೇವೆ, ಲೆಕ್ಕ ಬಿಡಿಸಲು ತಿಣುಕಾಡುತ್ತೇವೆ, ಹಕ್ಕಿಗಾಗಿ ಮಾತ್ರ ಹೋರಾಡುತ್ತೇವೆ. ಇತ್ತೀಚೆಗೆ ಅನುವಾದದ ಕನ್ನಡದಲ್ಲಿ ಎಲ್ಲದಕ್ಕೂ ‘ಹೋರಾಡು’ ಬರುತ್ತಿದೆ. ‘ವಿದ್ಯಾರ್ಥಿ ಗಣಿತದೊಂದಿಗೆ ಹೋರಾಡುತ್ತಿದ್ದಾನೆ’ ಅಂತ ಓದಿದಾಗ ಆ ಹುಡುಗನ ಕೈಯಲ್ಲಿ ಕತ್ತಿ ಕಾಣುತ್ತದೆ. ಅವನಿಗೆ ಬೇಕಾಗಿರುವುದು ಪಕ್ಕದಲ್ಲಿ ಕೂತು ಹೇಳಿಕೊಡುವವರು. ಹಾಗೆಯೇ ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಈ ಐದೂ ಆಟಗಳನ್ನು ‘ಸ್ಟ್ರಗಲ್’ ಒಂದರಲ್ಲೇ ತುರುಕಬೇಕಾಗುತ್ತದೆ. ಆಗ ‘ಫಾರ್’, ‘ಟು’, ‘ವಿತ್’ ಗಳನ್ನು ಸರಿಯಾಗಿ ಆರಿಸುವುದೇ ನಮಗಿರುವ ಒಂದೇ ಉಪಾಯ.

ಡಾರ್ವಿನ್‌ಗೂ ಈ ಪದದ ಅಗಲ ಗೊತ್ತಿತ್ತು. 1859ರಲ್ಲಿ ‘ಸ್ಟ್ರಗಲ್ ಫಾರ್ ಎಕ್ಸಿಸ್ಟೆನ್ಸ್’ ಅನ್ನುವ ಜೋಡಿ ಬಳಸುವಾಗ ಇದನ್ನು ತುಂಬಾ ವಿಶಾಲವಾದ, ರೂಪಕದ ಅರ್ಥದಲ್ಲಿ ಹೇಳುತ್ತಿದ್ದೇನೆ ಅಂತ ಅವರೇ ಬರೆದರು. ಆಹಾರಕ್ಕಾಗಿ ಎರಡು ನಾಯಿಗಳು ಕಾದಾಡುವುದೂ ಅದೇ, ಮರುಭೂಮಿಯ ಅಂಚಿನಲ್ಲಿ ಒಂದು ಗಿಡ ಬರದ ಎದುರು ಜೀವ ಹಿಡಿದುಕೊಂಡಿರುವುದೂ ಅದೇ. ಆ ಗಿಡಕ್ಕೆ ಶತ್ರು ಯಾರೂ ಇಲ್ಲ. ಓದಿದವರಲ್ಲಿ ಎಷ್ಟೋ ಜನ ನಾಯಿಗಳನ್ನು ನೆನಪಿಟ್ಟುಕೊಂಡು ಗಿಡವನ್ನು ಮರೆತರು. ಬಲವಿದ್ದವರು ಬಲವಿಲ್ಲದವರನ್ನು ತುಳಿಯುವುದೇ ಪ್ರಕೃತಿಯ ನಿಯಮ ಅನ್ನುವ ವಾದಕ್ಕೆ ಈ ಜೋಡಿಯನ್ನು ಎಳೆದು ತಂದರು.

ಇನ್ನೂ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗೆಲ್ಲುವುದಕ್ಕೆ ಇಂಗ್ಲಿಷಿನಲ್ಲಿ ‘ವಿನ್’ ಅನ್ನುತ್ತೇವಲ್ಲ, ಹಳೆಯ ಇಂಗ್ಲಿಷಿನಲ್ಲಿ ಅದರ ಪೂರ್ವಜನಿಗೆ ದುಡಿ, ಹೆಣಗು, ಕಾದಾಡು ಅನ್ನುವ ಅರ್ಥಗಳಿದ್ದವು. ಹೆಣಗಾಟದ ಪದವೇ ಕಾಲ ಕಳೆದಂತೆ ಗೆಲುವಿನ ಪದ ಆಯಿತು.

ಇನ್ನೊಂದು ಜೋಡಿ ‘ವಾರ್ ಆನ್’. ‘ಡಿಕ್ಲೇರ್ ವಾರ್ ಆನ್’ ಮುಂದೆ ದೇಶದ ಹೆಸರು ಬರುವುದು ಹಳೆಯ ರೂಢಿ. ಸೇನೆ ಇಲ್ಲದ, ರಾಜಧಾನಿ ಇಲ್ಲದ, ಶರಣಾಗಲು ಬಾರದ ಸಂಗತಿಗಳ ಮೇಲೂ ಯುದ್ಧ ಸಾರುವುದು ಇಪ್ಪತ್ತನೇ ಶತಮಾನದಲ್ಲಿ ದೊಡ್ಡದಾಗಿ ಬೆಳೆಯಿತು. 1964ರ ಜನವರಿ 8ರಂದು ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಬಡತನದ ಮೇಲೆ ಯುದ್ಧ ಸಾರಿದರು. 1971ರಲ್ಲಿ ನಿಕ್ಸನ್ ಮಾದಕ ವ್ಯಸನವನ್ನು ದೇಶದ ಮೊದಲ ನಂಬರಿನ ಶತ್ರು ಅಂದರು, ‘ವಾರ್ ಆನ್ ಡ್ರಗ್ಸ್’ ಹುಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಸಹಿ ಹಾಕಿದ ಕ್ಯಾನ್ಸರ್ ಕಾಯ್ದೆಗೆ ‘ವಾರ್ ಆನ್ ಕ್ಯಾನ್ಸರ್’ ಎಂಬ ಹೆಸರು ಅಂಟಿಕೊಂಡಿತು. 2001ರ ನಂತರ ‘ವಾರ್ ಆನ್ ಟೆರರ್’ ಬಂತು. ಹಣ ಬೇಗ ಬಿಡುಗಡೆ ಮಾಡಿಸಲು, ಜನರನ್ನು ಒಟ್ಟುಗೂಡಿಸಲು ಈ ಜೋಡಿ ಒಳ್ಳೆಯದೇ. ಆದರೆ ಯುದ್ಧ ಅಂದ ಮೇಲೆ ಎದುರಿಗೆ ಯಾರಾದರೂ ಮನುಷ್ಯರು ಬೇಕಲ್ಲ. ಬಡತನದ ಮೇಲಿನ ಯುದ್ಧದಲ್ಲಿ ಅದು ಅಷ್ಟು ಕಾಡದೆ ಇರಬಹುದು. ಮಾದಕ ವಸ್ತುವಿನ ಮೇಲಿನ ಯುದ್ಧದಲ್ಲಿ ಜೈಲಿಗೆ ಹೋದದ್ದು ವಸ್ತುವಲ್ಲ, ಅದಕ್ಕೆ ಅಂಟಿಕೊಂಡಿದ್ದ ಮನುಷ್ಯರು.

ಕಾಯಿಲೆಯ ವಿಷಯದಲ್ಲಿ ಇದು ಇನ್ನೂ ಹತ್ತಿರ ಬರುತ್ತದೆ. ಇಂಗ್ಲಿಷ್ ನಿಧನವಾರ್ತೆಗಳಲ್ಲಿ ‘ಲಾಸ್ಟ್ ಹರ್ ಬ್ಯಾಟಲ್ ವಿತ್ ಕ್ಯಾನ್ಸರ್’ ಅನ್ನುವ ಸಾಲು ಎಷ್ಟು ಸಾಮಾನ್ಯ ಅಂದರೆ ಬರೆಯುವವರು ಯೋಚಿಸುವುದೂ ಇಲ್ಲ. ಸತ್ತವರು ಸೋತವರಾದರು. ಬದುಕಿದವರು ಹೆಚ್ಚು ಚೆನ್ನಾಗಿ ಕಾದಾಡಿದ್ದರು ಅಂತಲೇ? ಸ್ವತಃ ಕ್ಯಾನ್ಸರ್ ಚಿಕಿತ್ಸೆ ಪಡೆದಿದ್ದ ಅಮೆರಿಕದ ಲೇಖಕಿ ಸೂಸನ್ ಸಾಂಟಾಗ್ 1978ರಲ್ಲೇ ಈ ಯುದ್ಧದ ಮಾತುಗಳ ವಿರುದ್ಧ ಗಟ್ಟಿಯಾಗಿ ಬರೆದರು. ನಾನು ಅವರ ಕಡೆಗೇ ವಾಲುತ್ತೇನೆ. ಆದರೆ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಎಲೆನಾ ಸೆಮಿನೊ ಮತ್ತು ಅವರ ತಂಡ ರೋಗಿಗಳೇ ಬರೆದ ಮಾತುಗಳನ್ನು ಕೂಡಿಸಿ ನೋಡಿದಾಗ ಚಿತ್ರ ಅಷ್ಟು ಸರಳವಾಗಿರಲಿಲ್ಲ. ಕೆಲವರಿಗೆ ‘ಬ್ಯಾಟಲ್’ ಅನ್ನುವುದು ತಪ್ಪಿತಸ್ಥ ಭಾವ ತರುತ್ತದೆ. ಇನ್ನು ಕೆಲವರಿಗೆ ‘ಐ ಆಮ್ ಎ ಫೈಟರ್’ ಅಂದುಕೊಳ್ಳುವುದರಿಂದಲೇ ಬೆಳಿಗ್ಗೆ ಏಳುವ ಶಕ್ತಿ ಬರುತ್ತದೆ. ಆದ್ದರಿಂದ ಆ ಮಾತನ್ನು ಆರಿಸಿಕೊಳ್ಳುವ ಹಕ್ಕು ಕಾಯಿಲೆ ಬಿದ್ದವರದ್ದು. ಅವರು ಆಡಿದರೆ ಸರಿ. ಅವರ ಪರವಾಗಿ ನಾವು ಬರೆಯುವಾಗ ‘ಡೈಡ್ ಆಫ್ ಕ್ಯಾನ್ಸರ್’ ಸಾಕು.

ಒಮ್ಮೊಮ್ಮೆ ಒಣಗಿದ ಹಾಗೆ ಕಾಣುವ ಜೋಡಿಯಲ್ಲೂ ದೊಡ್ಡ ಅನುಕಂಪ ಇರುತ್ತದೆ. ‘ಆರ್ಮ್‌ಡ್ ಕಾನ್‌ಫ್ಲಿಕ್ಟ್’ ಅಂಥದ್ದು. ಯುದ್ಧವನ್ನು ಯುದ್ಧ ಅನ್ನಲು ಹೆದರಿ ಹೀಗೆ ಬರೆಯುತ್ತಾರೆ ಅಂತ ಅನ್ನಿಸುವುದು ಸಹಜ. ಆದರೆ 1949ರ ಜಿನೀವಾ ಒಪ್ಪಂದಗಳಲ್ಲಿ ಈ ಜೋಡಿಯನ್ನು ಸೇರಿಸಿದ್ದರ ಹಿಂದೆ ಬೇರೆ ಲೆಕ್ಕ ಇತ್ತು. ‘ನಾವು ಯುದ್ಧ ಸಾರಿಲ್ಲ, ಆದ್ದರಿಂದ ಇದು ಯುದ್ಧವಲ್ಲ’ ಅಂತ ದೇಶಗಳು ನುಣುಚಿಕೊಳ್ಳುತ್ತಿದ್ದವು. ಘೋಷಿತ ಯುದ್ಧಕ್ಕಷ್ಟೇ ಅಲ್ಲದೆ ಬೇರೆ ಯಾವುದೇ ‘ಆರ್ಮ್‌ಡ್ ಕಾನ್‌ಫ್ಲಿಕ್ಟ್’ಗೂ ನಿಯಮ ಅನ್ವಯಿಸುತ್ತದೆ ಎಂದು ಬರೆದದ್ದರಿಂದ ಗಾಯಾಳುಗಳಿಗೆ, ಸೆರೆಸಿಕ್ಕವರಿಗೆ ರಕ್ಷಣೆ ಹಿಗ್ಗಿತು.

ಕೊನೆ ಮಾಡುವ ಪದಗಳಿಗೆ ಬರೋಣ. ವಾದವನ್ನು, ವಿವಾದವನ್ನು ‘ಸೆಟಲ್’ ಮಾಡುತ್ತಾರೆ. ಕಾನ್‌ಫ್ಲಿಕ್ಟನ್ನು ‘ರಿಸಾಲ್ವ್’ ಮಾಡುತ್ತಾರೆ. ಯುದ್ಧವನ್ನು ಮಾತ್ರ ಎರಡೂ ಮಾಡುವುದಿಲ್ಲ, ‘ಎಂಡ್’ ಮಾಡುತ್ತಾರೆ. ಮಾತುಕತೆ ಎಲ್ಲೂ ಸಾಗದಿದ್ದರೆ ‘ರೀಚ್ ಎ ಸ್ಟೇಲ್‌ಮೇಟ್’, ಚದುರಂಗದಿಂದ ಬಂದದ್ದು. ಮೂರನೆಯವರು ನಡುವೆ ಕೂತು ಒಪ್ಪಿಸಿದರೆ ‘ಬ್ರೋಕರ್ ಎ ಸೀಸ್‌ಫೈರ್’. ಆ ಕದನವಿರಾಮ ‘ಫ್ರಾಜೈಲ್’ ಆಗಿರುತ್ತದೆ, ‘ಹೋಲ್ಡ್ಸ್’ ಅಥವಾ ‘ಕೊಲ್ಯಾಪ್ಸಸ್’. ಇಲ್ಲಿ ಮತ್ತೆ ಆ ಹಳೆಯ ಪ್ರಶ್ನೆ. ‘ದ ಸೀಸ್‌ಫೈರ್ ಕೊಲ್ಯಾಪ್ಸ್ಡ್’ ಅಂದರೆ ಗೋಡೆ ತಾನಾಗಿ ಕುಸಿದ ಹಾಗೆ. ‘ವಯೊಲೇಟೆಡ್ ದ ಸೀಸ್‌ಫೈರ್’ ಅಂದರೆ ಮುರಿದವರ ಹೆಸರು ಹೇಳಲೇಬೇಕು.

‘ಟ್ರೂಸ್’, ‘ಆರ್ಮಿಸ್ಟಿಸ್’, ‘ಪೀಸ್ ಟ್ರೀಟಿ’ ಮೂರನ್ನೂ ಒಂದೇ ಅಂತ ತಿಳಿಯುವವರು ಬಹಳ. ಟ್ರೂಸಿಗೆ ಸಹಿಯೂ ಬೇಕಿಲ್ಲ. 1914ರ ಕ್ರಿಸ್‌ಮಸ್ ಹೊತ್ತಿಗೆ ಪಶ್ಚಿಮ ರಣರಂಗದ ಕೆಲವೆಡೆ ಬ್ರಿಟಿಷ್ ಮತ್ತು ಜರ್ಮನ್ ಸೈನಿಕರು ಮೇಲಿನವರ ಅಪ್ಪಣೆ ಇಲ್ಲದೆ ಕಂದಕಗಳಿಂದ ಹೊರಬಂದು ಕೈಕುಲುಕಿದರು. ಅದು ಟ್ರೂಸ್. 1918ರ ನವೆಂಬರ್ 11ರಂದು ಸೇನೆಗಳು ಬರೆದು ಒಪ್ಪಿ ಗುಂಡು ನಿಲ್ಲಿಸಿದ್ದು ಆರ್ಮಿಸ್ಟಿಸ್. ಜರ್ಮನಿಯ ಜೊತೆ ಶಾಂತಿ ಒಪ್ಪಂದ ಆದದ್ದು 1919ರ ಜೂನ್ 28ರಂದು, ವರ್ಸೇಲ್ಸ್‌ನಲ್ಲಿ. ಈ ಮೂರರ ವ್ಯತ್ಯಾಸ ಗೊತ್ತಿದ್ದರೆ ಇಂದಿನ ಸುದ್ದಿಯನ್ನೂ ಬೇರೆ ಕಣ್ಣಿನಿಂದ ಓದಬಹುದು. ಕೊರಿಯಾದ ಯುದ್ಧ 1953ರಲ್ಲಿ ಮುಗಿಯಿತು ಅಂತ ಎಲ್ಲ ಕಡೆ ಬರೆದಿರುತ್ತದೆ. ಆ ವರ್ಷ ಜುಲೈ 27ರಂದು ಪನ್ಮುಂಜೊಮ್‌ನಲ್ಲಿ ಆದದ್ದು ಆರ್ಮಿಸ್ಟಿಸ್. ಶಾಂತಿ ಒಪ್ಪಂದಕ್ಕೆ ಆಮೇಲೆ ಯಾರೂ ಸಹಿ ಹಾಕಲಿಲ್ಲ. ಆದ್ದರಿಂದ ಅಲ್ಲಿ ‘ದ ವಾರ್ ಎಂಡೆಡ್’ ಅನ್ನುವುದಕ್ಕಿಂತ ‘ದ ಫೈಟಿಂಗ್ ಸ್ಟಾಪ್ಡ್’ ಅನ್ನುವುದು ಜಾಸ್ತಿ ಸರಿ.